ಕಕ್ಕಸ್ಸಿನ ನೀರಿಗೊಂದು ಅರಮನೆ



ಲಂಡನ್ನಿನ ಅಬ್ಬೆ ಮಿಲ್ಸ್ ಕಟ್ಟಡದ ಫೋಟೋ ತೋರಿಸಿದ್ರೆ ನಮ್ಮ ಆಫೀಸಲ್ಲಿ ಒಬ್ಬರು ಚರ್ಚ್ ಅಂದ್ರು, ಇನ್ನೊಬ್ಬರು ಅರಮನೆ ಅಂದ್ರು. ಎರಡೂ ಅಲ್ಲ. ಅದು ಊರಿನ ಕಕ್ಕಸ್ಸಿನ ನೀರು ಎತ್ತೋಕೆ ಕಟ್ಟಿದ ಪಂಪ್‌ಹೌಸ್. ಕಟ್ಟಿದ್ದು 1865ರಿಂದ 68ರವರೆಗೆ. ಇಂಜಿನಿಯರ್ ಜೋಸೆಫ್ ಬಜಲ್‌ಗೆಟ್, ಅಲಂಕಾರದ ಕೆಲಸ ಚಾರ್ಲ್ಸ್ ಡ್ರೈವರ್ ಅನ್ನೋ ವಾಸ್ತುಶಿಲ್ಪಿಯದು.

ಕಟ್ಟಡ ಶಿಲುಬೆ ಆಕಾರದಲ್ಲಿದೆ. ಒಂದೊಂದು ತೋಳಲ್ಲಿ ಎರಡೆರಡರಂತೆ ಎಂಟು ಹಬೆ ಯಂತ್ರಗಳಿದ್ದವು. ನಟ್ಟನಡುವೆ ಮೇಲಿಂದ ಬೆಳಕು ಸುರಿಯೋ ಗೋಪುರ. ಬಣ್ಣಬಣ್ಣದ ಇಟ್ಟಿಗೆ, ವೆನಿಸ್ ಮಾದರಿಯ ಕಮಾನು ಕಿಟಕಿ. ಒಳಗಿನ ಎರಕದ ಕಬ್ಬಿಣದ ಕಂಬಗಳ ತಲೆಗೆ ಎಲೆ, ಹೂವು! 200 ಅಡಿಗೂ ಎತ್ತರದ ಎರಡು ಹೊಗೆ ಕೊಳವೆಗಳು ಮಿನಾರುಗಳಂತೆ ನಿಂತಿದ್ದವಂತೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಅವು ಕಟ್ಟಡದ ಮೇಲೇ ಉರುಳಿದ್ರೆ ಗತಿಯೇನು ಅಂತ ಕೆಡವಿದರು. ಅಲ್ಲಿನ ಜನ ಇದನ್ನ ಕೊಳಚೆಯ ಕೆಥೆಡ್ರಲ್ ಅಂತಲೇ ಕರೀತಾರೆ.

ಇಷ್ಟೆಲ್ಲ ಬಡವರ ಮೇಲಿನ ಪ್ರೀತಿಯಿಂದ ಆಯ್ತು ಅಂದ್ಕೋಬೇಡಿ. ಕಾಲರಾ ಹರಡೋದು ಕೊಳಕು ನೀರಿಂದ ಅಂತ ಡಾಕ್ಟರ್ ಜಾನ್ ಸ್ನೋ 1854ರಲ್ಲೇ ತೋರಿಸಿದ್ರು, ಹೆಚ್ಚಿನವರು ಒಪ್ಪಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಒಳಗೇ ನುಗ್ಗಿತು. ಆಗ ನೋಡ್ರಿ, ಮಸೂದೆ ವಾರಗಳಲ್ಲಿ ಪಾಸ್!

ಕೊನೆಗೆ ಕೆಲಸ ಮುಗಿದ ಭಾಗಗಳಲ್ಲಿ ಒಂದು ಕೂಲಿಕಾರರ ಪೂರ್ವ ಲಂಡನ್. 1866ರಲ್ಲಿ ಕಾಲರಾ ಮತ್ತೆ ಬಂದಾಗ ಅಬ್ಬೆ ಮಿಲ್ಸ್ ಇನ್ನೂ ಚಾಲೂ ಆಗಿರಲಿಲ್ಲ. ಆ ಭಾಗದಲ್ಲಿ ಸತ್ತವರು 5,000ಕ್ಕೂ ಹೆಚ್ಚು. ಕಮಾನು, ಹೂವುಗಳ ಬಗ್ಗೆ ಬರೆಯೋರು ಈ ಲೆಕ್ಕಾನೂ ಬರೀಬೇಕು.

ಆದರೂ ಒಂದು ಮಾತು ಒಪ್ಪಲೇಬೇಕು. ಲಂಡನ್ನಲ್ಲೂ ಗುಂಡಿ ಬಳಿದು ರಾತ್ರಿ ಹೊತ್ತು ಮಲ ಸಾಗಿಸೋರು ಇದ್ದರು. ಬಡತನ ಅವರನ್ನ ಆ ಕೆಲಸಕ್ಕೆ ದೂಡಿತ್ತು, ಹುಟ್ಟಿದ ಜಾತಿ ಅಲ್ಲ. ನೀರು, ಕೊಳವೆ, ಯಂತ್ರ ಬಂದ ಮೇಲೆ ಆ ಹೊರೆ ಇಳೀತು.

ಅದೇ ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂತು. ಭೂಮಿಯೊಳಗೆ ಸಾವಿರಾರು ಅಡಿ ಇಳಿಯೋ ಯಂತ್ರ ಬಂತು. ಕಾರ್ಮಿಕರ ಲೈನುಗಳಿಗೆ ಮಾತ್ರ ಒಣ ಕಕ್ಕಸ್ಸು, ಬಕೆಟ್ಟು. ಬಳಿಯೋರು ಯಾರು ಅಂತ ಬಿಡಿಸಿ ಹೇಳಬೇಕಾ? ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಹುಟ್ಟಿದ್ದು ಅದೇ ಕೆಜಿಎಫ್‌ನಲ್ಲಿ, ಆ ಕೆಲಸ ಮಾಡ್ತಿದ್ದ ಮನೆಯಲ್ಲಿ.

ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ಎಪ್ಪತ್ತರ ದಶಕದಲ್ಲಿ ನಿಷೇಧಿಸಿದ್ದು ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ದೇಶದ ಕಾನೂನು ಬಂದಿದ್ದು 1993ರಲ್ಲಿ, ಅಬ್ಬೆ ಮಿಲ್ಸ್ ಶುರುವಾಗಿ 125 ವರ್ಷ ಆದ ಮೇಲೆ. ಅದು ಸಾಲದೆ 2013ರಲ್ಲಿ ಇನ್ನೊಂದು ಕಾನೂನು. ಮ್ಯಾನ್‌ಹೋಲಲ್ಲಿ ಸತ್ತ ಸುದ್ದಿ ಇವತ್ತಿಗೂ ಪೇಪರಲ್ಲಿ ಓದ್ತಾನೇ ಇದ್ದೀವಿ.

ಕೆಜಿಎಫ್ ಕಡೆಯ ಅಣ್ಣಂದಿರು, ಅಕ್ಕಂದಿರು, ಆ ಹಳೆ ಲೈನುಗಳ ಫೋಟೋ ಇದ್ದರೆ ಕಮೆಂಟಲ್ಲಿ ಹಾಕಿ.