ಬೆಳ್ಳಿ ಪೆನ್ನಿಗೆ ಕಪ್ಪೇ ಒಡವೆ

ಹಬ್ಬ ಹತ್ತಿರ ಬಂದರೆ ದೇವರ ಮನೆಯ ಬೆಳ್ಳಿ ದೀಪ, ಪಂಚಪಾತ್ರೆಗಳಿಗೆ ವಿಭೂತಿ ಹಚ್ಚಿ ಥಳಥಳ ಹೊಳೆಯುವಂತೆ ಉಜ್ಜುವುದು ನಮ್ಮಲ್ಲಿ ವಾಡಿಕೆ. ಕಪ್ಪಾದ ಬೆಳ್ಳಿ ಎಂದರೆ ಮನೆಯವರ ಅಸಡ್ಡೆಯ ಗುರುತು. ಆದರೆ ಹಳೆಯ ಬೆಳ್ಳಿ ಫೌಂಟನ್ ಪೆನ್ನುಗಳನ್ನು ಸಂಗ್ರಹಿಸುವವರ ಲೆಕ್ಕವೇ ಬೇರೆ. ಅವರಲ್ಲಿ ಅನೇಕರು ಆ ಕಪ್ಪನ್ನು ಮುಟ್ಟಲು ಒಪ್ಪುವುದಿಲ್ಲ.

ಬೆಳ್ಳಿ ಕಪ್ಪಾಗುವುದು ಕಬ್ಬಿಣ ತುಕ್ಕು ಹಿಡಿದಂತೆ ಅಲ್ಲ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಗಂಧಕದ ಅನಿಲಗಳು ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಪದರ ಕಟ್ಟುತ್ತವೆ. ಪದರ ತೆಳುವಾಗಿದ್ದಾಗ ಹೊಂಬಣ್ಣ. ದಪ್ಪವಾದಂತೆ ಕಂದು, ನೀಲಿ, ಕೊನೆಗೆ ಕಪ್ಪು. ಶುದ್ಧ ಬೆಳ್ಳಿ ಬಲು ಮೆತ್ತಗಿರುವುದರಿಂದ ಪೆನ್ನಿಗೆ ಬಳಸುವುದು ಸ್ಟರ್ಲಿಂಗ್ ಬೆಳ್ಳಿ. ಅದರ 1000 ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ.

ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ತನ್ನ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದ. ಆ ಕಾಲದ ಪೆನ್ನುಗಳ ಮೈ ಗಟ್ಟಿ ರಬ್ಬರಿನದು. ಅದರ ಮೇಲೆ ಬಳ್ಳಿ, ಹೂವಿನ ಬೆಳ್ಳಿ ಜಾಲರಿ ಹೊದಿಸುವುದು ಮುಂದೆ ಶೋಕಿಯಾಯಿತು. ರಬ್ಬರನ್ನು ಗಟ್ಟಿಗೊಳಿಸಲು ಬಳಸುತ್ತಿದ್ದುದು ಗಂಧಕವನ್ನೇ. ರಬ್ಬರ್ ಹಳತಾದಂತೆ ಆ ಗಂಧಕ ಹೊರಬರುತ್ತದೆ. ಅಂದರೆ ಬೆಳ್ಳಿಯನ್ನು ಕಪ್ಪಾಗಿಸುವ ಸಾಮಗ್ರಿ ಪೆನ್ನಿನೊಳಗೇ ಅಡಗಿತ್ತು.

ಬೆಳ್ಳಿ ಪೆನ್ನುಗಳಲ್ಲಿ ಹೆಚ್ಚು ಹೆಸರಾದದ್ದು ಪಾರ್ಕರ್ 75. 1888ರಲ್ಲಿ ಹುಟ್ಟಿದ ಕಂಪನಿ ತನ್ನ 75ನೇ ವರ್ಷದ ನೆನಪಿಗೆ 1960ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿತು. ಮೈತುಂಬ ಅಡ್ಡ, ಉದ್ದ ಗೆರೆ ಕೊರೆದ ಚೌಕಳಿ. ಸಂಸ್ಥಾಪಕರ ಮಗ ಕೆನೆತ್ ಪಾರ್ಕರ್ ಬಳಿಯಿದ್ದ ಬೆಳ್ಳಿಯ ಸಿಗರೇಟು ಪೆಟ್ಟಿಗೆಯೇ ಈ ವಿನ್ಯಾಸಕ್ಕೆ ಪ್ರೇರಣೆ ಎನ್ನಲಾಗುತ್ತದೆ.

ಈ ಪೆನ್ನು ಹಳತಾದಂತೆಯೇ ಚೆಂದ. ಕೈ ಆಡುವ ಉಬ್ಬು ಚೌಕಗಳು ಸವೆದು ಹೊಳೆಯುತ್ತವೆ. ಬೆರಳು ತಾಗದ ಗೆರೆಗಳಲ್ಲಿ ಕಪ್ಪು ಕೂರುತ್ತದೆ. ನಮ್ಮ ಬೀದರಿನ ಬಿದರಿ ಕಲೆಯಲ್ಲಿ ಕಪ್ಪು ಮೈಮೇಲೆ ಬೆಳ್ಳಿಯ ಗೆರೆ. ಇಲ್ಲಿ ಬೆಳ್ಳಿಯ ಮೈಮೇಲೆ ಕಪ್ಪು ಗೆರೆ. ಬೀದರಿನ ಕುಶಲಕರ್ಮಿ ಕೋಟೆಯ ಮಣ್ಣಿನಿಂದ ತರಿಸುವ ಕಪ್ಪನ್ನು ಇಲ್ಲಿ ಗಾಳಿ ಮತ್ತು ಕಾಲ ತರುತ್ತವೆ. ಯಾವ ಭಾಗ ಹೆಚ್ಚು ಸವೆದಿದೆ ಎಂಬುದನ್ನು ನೋಡಿ ಹಿಂದಿನ ಒಡೆಯ ಪೆನ್ನನ್ನು ಹೇಗೆ ಹಿಡಿಯುತ್ತಿದ್ದ ಎಂದು ಊಹಿಸಬಹುದು.

ವಿಪರ್ಯಾಸವೆಂದರೆ, ಇದೇ ಪೆನ್ನಿನ ವಿಶೇಷ ಆವೃತ್ತಿಯೊಂದು ಹುಟ್ಟಿದ್ದೇ ಹಳೆಯ ಕಪ್ಪನ್ನು ಅಳಿಸಿ. 1715ರಲ್ಲಿ ಫ್ಲಾರಿಡಾ ತೀರದಲ್ಲಿ ಚಂಡಮಾರುತಕ್ಕೆ ಸಿಕ್ಕಿ ಸ್ಪೇನಿನ ನಿಧಿ ಹಡಗುಗಳು ಮುಳುಗಿದ್ದವು. ಸಮುದ್ರದ ತಳದಿಂದ ಎತ್ತಿದ ಆ ಬೆಳ್ಳಿಯನ್ನು ಕರಗಿಸಿ ಪಾರ್ಕರ್ 1965ರಲ್ಲಿ 4,821 ಪೆನ್ನುಗಳನ್ನು ಮಾಡಿತು. ಎರಡೂವರೆ ಶತಮಾನ ನೀರಿನಡಿಯಲ್ಲಿ ಬೆಳ್ಳಿ ಪಡೆದಿದ್ದ ಬಣ್ಣ ಕುಲುಮೆಯಲ್ಲಿ ಕಳೆದುಹೋಯಿತು. ಆ ಪೆನ್ನುಗಳು ಹೊಸದಾಗಿ ಕಪ್ಪಾಗತೊಡಗಿದವು.

ಉಜ್ಜುವುದರಲ್ಲಿ ಅಪಾಯವೇನು? ಪುಡಿ ಹಾಕಿ ಉಜ್ಜಿದಾಗಲೆಲ್ಲ ಕಪ್ಪಾಗಿ ಮಾರ್ಪಟ್ಟ ಬೆಳ್ಳಿ ಶಾಶ್ವತವಾಗಿ ಹೋಗುತ್ತದೆ. ಜೊತೆಗೆ ಅದರಡಿಯ ಒಳ್ಳೆಯ ಲೋಹವೂ ಒಂದಿಷ್ಟು ಸವೆಯುತ್ತದೆ. ಕೆತ್ತಿದ ಹೆಸರು, ಬೆಳ್ಳಿಯ ಗುಣಮಟ್ಟದ ಮುದ್ರೆ ಮಸುಕಾಗುತ್ತವೆ. ದ್ರಾವಣದಲ್ಲಿ ಅದ್ದಿದರೆ ಗೆರೆಗಳೊಳಗಿನ ಕಪ್ಪೂ ಕರಗಿ ಚೌಕಳಿ ಪೇಲವವಾಗುತ್ತದೆ. ಒಮ್ಮೆ ಸವೆದ ಮುದ್ರೆಯನ್ನು ಮರಳಿ ತರುವ ಉಪಾಯವಿಲ್ಲ.

ಹಾಗೆಂದು ಪೆನ್ನು ಪೂರ್ತಿ ಮಸಿಯಾಗಲೆಂದು ಬಿಡಬೇಕಾಗಿಯೂ ಇಲ್ಲ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆಗಳಲ್ಲಿ ಗಂಧಕವಿರುವುದರಿಂದ ಅವುಗಳಿಂದ ದೂರವಿಟ್ಟು, ಆಗಾಗ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಶಾಯಿ ತುಂಬಿಸಿ ದಿನವೂ ಬರೆದರೆ ಇನ್ನೂ ಒಳ್ಳೆಯದು. ಎಲ್ಲಿ ಬೆಳಗಬೇಕು, ಎಲ್ಲಿ ಕಪ್ಪು ಉಳಿಯಬೇಕು ಎಂಬುದನ್ನು ಬರೆಯುವ ಕೈಯೇ ನಿರ್ಧರಿಸುತ್ತದೆ.