ಇಂಗ್ಲೆಂಡಿನ ಹಿತಪರಿಶೀಲಕರು: ಒಂದು ಹುದ್ದೆಯ ಪೂರ್ವಚರಿತ್ರೆ

ತನ್ನ ಬದುಕಿನ ಬಗ್ಗೆ ತಾನೇ ತೀರ್ಮಾನ ಕೈಗೊಳ್ಳಲಾಗದ ವ್ಯಕ್ತಿಯನ್ನು ಆಸ್ಪತ್ರೆಯಲ್ಲೋ, ವೃದ್ಧರಿಗೂ ಅಶಕ್ತರಿಗೂ ವಸತಿಯೊಂದಿಗೆ ಶುಶ್ರೂಷೆ ನೀಡುವ ಕೇರ್ ಹೋಮಿನಲ್ಲೋ ಹೊರಹೋಗದಂತೆ ಇರಿಸಿಕೊಂಡಾಗ, ಆ ನಿರ್ಬಂಧ ನಿಜಕ್ಕೂ ಆತನ ಹಿತಕ್ಕೆ ಒದಗುತ್ತದೆಯೇ ಎಂದು ಸ್ವತಂತ್ರವಾಗಿ ವಿಚಾರಿಸುವ ಹುದ್ದೆಯೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದದ್ದು 2009ರ ಏಪ್ರಿಲ್ 1ರಂದು. ಅಲ್ಲಿ ‘ಬೆಸ್ಟ್ ಇಂಟರೆಸ್ಟ್ಸ್ ಅಸೆಸರ್’ ಎನಿಸಿಕೊಳ್ಳುವ ಈ ಹಿತಪರಿಶೀಲಕರಲ್ಲಿ ಬಹುಪಾಲು ಮಂದಿ ಸಮಾಜಕಾರ್ಯಕರ್ತರು. ಹುದ್ದೆ ಹೊಸದು, ಆದರೆ ಮಾತನಾಡಲಾಗದವನ ಪರವಾಗಿ ನಿರ್ಧರಿಸುವ ಅಧಿಕಾರ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಏಳು ಶತಮಾನಗಳ ಇತಿಹಾಸವಿದೆ.

ಬುದ್ಧಿಮಾಂದ್ಯರು ಮತ್ತು ಚಿತ್ತಭ್ರಮಿತರ ಪಾಲನೆಯನ್ನು 14ನೆಯ ಶತಮಾನದ ವೇಳೆಗೆ ಇಂಗ್ಲೆಂಡಿನ ರಾಜನು ತನ್ನ ವಿಶೇಷಾಧಿಕಾರವನ್ನಾಗಿ ಮಾಡಿಕೊಂಡಿದ್ದನು. ಪ್ರಜೆಗಳಿಗೆ ದೊರೆಯೇ ತಂದೆ ಎಂಬ ಭಾವದ ಈ ಅಧಿಕಾರಕ್ಕೆ ಲ್ಯಾಟಿನ್ನಿನಲ್ಲಿ ‘ಪೇರೆನ್ಸ್ ಪೇಟ್ರಿಯೆ’ ಎಂದು ಹೆಸರು. ಅದರಲ್ಲಿ ಕರುಣೆಯೊಂದಿಗೆ ಲಾಭವೂ ಬೆರೆತಿತ್ತು. ಹುಟ್ಟಿನಿಂದ ಬುದ್ಧಿಮಾಂದ್ಯನಾದವನ ಜಮೀನಿನ ಹುಟ್ಟುವಳಿ, ಆತನ ಜೀವನಕ್ಕೆ ಬೇಕಾದಷ್ಟನ್ನು ಬಿಟ್ಟು, ಅರಸನ ಬೊಕ್ಕಸಕ್ಕೆ ಸೇರುತ್ತಿತ್ತು. ಜಮೀನಿಲ್ಲದವರ ಪಾಡು ಬಡವರ ಕಾನೂನಿನ ಆಡಳಿತಕ್ಕೆ ಬಿದ್ದಿತು. 1890ರ ಲೂನಸಿ ಕಾಯ್ದೆಯ ಕಾಲದಲ್ಲಿ ಬಡ ರೋಗಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಹುಚ್ಚಾಸ್ಪತ್ರೆಗೆ ಸಾಗಿಸುತ್ತಿದ್ದ ‘ರಿಲೀವಿಂಗ್ ಆಫೀಸರ್’, ಅಂದರೆ ಬಡವರಿಗೆ ನೆರವು ಹಂಚುವ ನೌಕರ, ಇಂದಿನ ಹಿತಪರಿಶೀಲಕನ ದೂರದ ಪೂರ್ವಜನೆನ್ನಬಹುದು. 1959ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ‘ಮಾನಸಿಕ ಕ್ಷೇಮಾಧಿಕಾರಿ’ಯಾಗಿ ಮುಂದುವರಿದ ಈ ಪರಂಪರೆಯು 1983ರ ಕಾಯ್ದೆಯಲ್ಲಿ ‘ಅನುಮೋದಿತ ಸಮಾಜಕಾರ್ಯಕರ್ತ’ನಾಗಿ ಮಾರ್ಪಟ್ಟಾಗ ಒಂದು ಮಹತ್ವದ ಬದಲಾವಣೆಯಾಯಿತು: ರೋಗಿಯನ್ನು ದಾಖಲಿಸಬೇಕೆಂದು ವೈದ್ಯರು ಶಿಫಾರಸು ಮಾಡಿದರೂ, ಅದೇ ಸೂಕ್ತ ಮಾರ್ಗವೆಂದು ಸಮಾಜಕಾರ್ಯಕರ್ತನಿಗೆ ಸ್ವಂತ ವಿವೇಚನೆಯಿಂದ ಮನವರಿಕೆಯಾಗಬೇಕಿತ್ತು. ಸಾಗಿಸುವವನು ಪ್ರಶ್ನಿಸುವವನಾದನು.

ಆದರೆ 1959ರ ಕಾಯ್ದೆಯು ಒಂದು ಕಂದಕವನ್ನೂ ಉಳಿಸಿಹೋಗಿತ್ತು. ಮಾನಸಿಕ ರೋಗಿಗಳನ್ನು ಇತರ ರೋಗಿಗಳಂತೆಯೇ ಬಲವಂತವಿಲ್ಲದೆ ದಾಖಲಿಸಿಕೊಳ್ಳಬೇಕೆಂಬ ಅದರ ಉದಾರ ಆಶಯವು, ವಿರೋಧಿಸದವರೆಲ್ಲರೂ ಒಪ್ಪಿದ್ದಾರೆಂದು ಭಾವಿಸಲು ಆಸ್ಪತ್ರೆಗಳಿಗೆ ಅವಕಾಶ ಕೊಟ್ಟಿತು. ಅದೇ ಹೊತ್ತಿಗೆ, 1960ರಲ್ಲಿ, ವಯಸ್ಕರ ಮೇಲಿನ ಅರಸೊತ್ತಿಗೆಯ ಪಾಲನಾಧಿಕಾರವೂ ಕೊನೆಗೊಂಡಿತು. ಇದರ ಪರಿಣಾಮ ಬಯಲಿಗೆ ಬಂದದ್ದು 1989ರಲ್ಲಿ. ಆಸ್ಪತ್ರೆಯಲ್ಲಿದ್ದ ಬೌದ್ಧಿಕ ದೌರ್ಬಲ್ಯದ ಮಹಿಳೆಯೊಬ್ಬರ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಶ್ನೆ ಎದುರಾದಾಗ, ಅವರ ಪರವಾಗಿ ಸಮ್ಮತಿಸುವ ಅಧಿಕಾರ ನ್ಯಾಯಾಲಯಕ್ಕೂ ಇಲ್ಲವೆಂದು ಅಂದಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ರೋಗಿಯ ಹಿತಕ್ಕೆ ಅಗತ್ಯವಾದುದನ್ನು ಮಾಡುವುದು ಕಾನೂನುಬದ್ಧ ಎಂಬ ‘ಅಗತ್ಯತೆಯ ತತ್ತ್ವ’ವನ್ನು ಆಶ್ರಯಿಸಿತು. ಹಿತವೆಂದರೇನೆಂದು ಅಳೆಯುವ ಕೆಲಸ ಹೀಗೆ ವೈದ್ಯರ ಕೈಯಲ್ಲೇ ಉಳಿಯಿತು.

ಈ ಏರ್ಪಾಡಿನ ಅಪಾಯವನ್ನು ಜಗತ್ತಿಗೆ ಕಾಣಿಸಿದ್ದು, ನ್ಯಾಯಾಲಯದ ಕಡತಗಳಲ್ಲಿ ಎಚ್.ಎಲ್. ಎಂಬ ಅಕ್ಷರಗಳಿಂದ ಗುರುತಾದ ಒಬ್ಬ ವ್ಯಕ್ತಿಯ ಪ್ರಕರಣ. 1949ರಲ್ಲಿ ಹುಟ್ಟಿದ, ಆಟಿಸಂ ಇದ್ದ, ಮಾತು ಬಾರದ ಈತನು ಸರ್ರೆ ಪ್ರಾಂತದ ಬೋರ್ನ್‌ವುಡ್ ಆಸ್ಪತ್ರೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದು, 1994ರಲ್ಲಿ ದಂಪತಿಯೊಬ್ಬರ ಮನೆಗೆ ಬಂದು, ಅವರ ಕುಟುಂಬದವನಂತೆಯೇ ಬದುಕತೊಡಗಿದ್ದನು. 1997ರ ಜುಲೈ 22ರಂದು ಹಗಲು ಆರೈಕೆ ಕೇಂದ್ರದಲ್ಲಿ ಆತನು ಉದ್ರಿಕ್ತನಾದಾಗ, ದಂಪತಿ ಸಂಪರ್ಕಕ್ಕೆ ಸಿಗದಿದ್ದುದರಿಂದ, ಶಾಮಕ ಔಷಧ ಕೊಟ್ಟು ಮರಳಿ ಅದೇ ಆಸ್ಪತ್ರೆಗೆ ಸೇರಿಸಲಾಯಿತು. ಆತನು ಪ್ರತಿಭಟಿಸಲಿಲ್ಲವಾದ್ದರಿಂದ ಕಾನೂನಿನ ಬಂಧನಕ್ರಮವನ್ನೇನೂ ಅನುಸರಿಸಲಿಲ್ಲ. ಆದರೆ ಹೊರಟಿದ್ದರೆ ತಡೆಯುತ್ತಿದ್ದರು, ಮತ್ತು ದಂಪತಿಯನ್ನು ಕಂಡರೆ ಅವರೊಂದಿಗೆ ಹೊರಟುಬಿಡುತ್ತಾನೆಂದು ಅವರ ಭೇಟಿಯನ್ನೂ ನಿಲ್ಲಿಸಿದರು. 1998ರ ಜೂನ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರಲ್ಲಿ ಮೂವರು ಇದು ಬಂಧನವೇ ಅಲ್ಲವೆಂದರು. ಹಾಗೆನ್ನಲು ಆಡಳಿತದ ಭಯವೂ ಒತ್ತಾಸೆಯಾಗಿದ್ದಂತೆ ತೋರುತ್ತದೆ, ಏಕೆಂದರೆ ಬಂಧನವೆಂದರೆ ವರ್ಷಕ್ಕೆ ಸುಮಾರು 48,000 ದಾಖಲಾತಿಗಳು ಕಾನೂನಿನ ಕ್ರಮಕ್ಕೆ ಒಳಪಡಬೇಕಾಗುತ್ತದೆಂಬ ಅಂದಾಜು ಪೀಠದ ಮುಂದಿತ್ತು. ಆ ಸಂಖ್ಯೆಯೇ ಅನ್ಯಾಯದ ವ್ಯಾಪ್ತಿಗೆ ಸಾಕ್ಷಿಯಾಗಿತ್ತೆಂಬುದನ್ನು ಒಪ್ಪಲು ಇನ್ನೂ ಆರು ವರ್ಷ ಬೇಕಾಯಿತು. 2004ರ ಅಕ್ಟೋಬರ್ 5ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವು, ಎಚ್.ಎಲ್.ನ ಸ್ವಾತಂತ್ರ್ಯಹರಣವಾಗಿದೆಯೆಂದೂ, ಅದಕ್ಕೆ ನಿಶ್ಚಿತ ಕ್ರಮವಾಗಲಿ ಶೀಘ್ರ ಮರುಪರಿಶೀಲನೆಯ ದಾರಿಯಾಗಲಿ ಇರಲಿಲ್ಲವೆಂದೂ ತೀರ್ಪಿತ್ತಿತು.

ಮರುವರ್ಷ ಅಂಗೀಕಾರವಾದ ಮಾನಸಿಕ ಸಾಮರ್ಥ್ಯ ಕಾಯ್ದೆಗೆ 2007ರ ತಿದ್ದುಪಡಿಯಿಂದ ಸೇರಿದ ‘ಡೋಲ್ಸ್’ ಎಂಬ ಸ್ವಾತಂತ್ರ್ಯರಕ್ಷಣಾ ಕ್ರಮಗಳು ಈ ತೀರ್ಪಿಗೆ ಕೊಟ್ಟ ಉತ್ತರ. ಸಂಸ್ಥೆಯು ಸ್ಥಳೀಯ ಆಡಳಿತಕ್ಕೆ ಅರ್ಜಿ ಸಲ್ಲಿಸಬೇಕು; ಆರು ಪರಿಶೀಲನೆಗಳು ನಡೆಯಬೇಕು; ರೋಗನಿರ್ಣಯ ಮಾಡುವ ವೈದ್ಯನೂ ಹಿತಪರಿಶೀಲಕನೂ ಒಬ್ಬನೇ ಆಗಕೂಡದು. ಹಿತಪರಿಶೀಲಕನು ವ್ಯಕ್ತಿಯನ್ನು ಕಂಡು, ಬಂಧುಗಳನ್ನೂ ಆರೈಕೆದಾರರನ್ನೂ ವಿಚಾರಿಸಿ, ಸಂಭವನೀಯ ಕೇಡಿಗೆ ನಿರ್ಬಂಧವು ಅನುಗುಣವಾಗಿದೆಯೇ ಎಂದು ತೂಗುತ್ತಾನೆ. ಅನುಮತಿಯ ಅವಧಿಯನ್ನು ಹನ್ನೆರಡು ತಿಂಗಳು ಮೀರದಂತೆ ಸೂಚಿಸುತ್ತಾನೆ. ಹಿತಕರವಲ್ಲವೆಂದು ಆತನು ಬರೆದರೆ ಸ್ಥಳೀಯ ಆಡಳಿತವು ಅನುಮತಿ ಕೊಡುವಂತಿಲ್ಲ. ಈ ನಿಷೇಧದ ಬಲವೇ ಇಡೀ ವ್ಯವಸ್ಥೆಯ ಜೀವಾಳ.

ಆದರೂ ಕಾಗದದ ಮೇಲಿನ ಸ್ವಾತಂತ್ರ್ಯ ತಾನಾಗಿ ನೆಲೆಗೊಳ್ಳಲಿಲ್ಲ. ಕೆಲವು ದಿನಗಳ ತಂಗುವಿಕೆಗೆಂದು ಹೋದ ಸ್ಟೀವನ್ ನಿಯರಿ ಎಂಬ ಆಟಿಸಂ ಇದ್ದ ಯುವಕನನ್ನು, ತಂದೆ ಮರಳಿ ಕಳಿಸೆಂದರೂ, 2010ರ ಡಿಸೆಂಬರ್‌ವರೆಗೆ ಸುಮಾರು ಒಂದು ವರ್ಷ ಇರಿಸಿಕೊಂಡಿದ್ದ ಪ್ರಕರಣದಲ್ಲಿ, ಪರಿಶೀಲನೆಯ ವರದಿಗಳನ್ನು ಸ್ಥಳೀಯ ಆಡಳಿತವು ಕಣ್ಣುಮುಚ್ಚಿ ಅಂಗೀಕರಿಸಬಾರದೆಂದು ನ್ಯಾಯಾಲಯವು 2011ರಲ್ಲಿ ಹೇಳಬೇಕಾಯಿತು. 2013ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಹಿತವನ್ನು ವೈದ್ಯಕೀಯ ದೃಷ್ಟಿಯಿಂದಷ್ಟೇ ಅಲ್ಲದೆ ಆ ವ್ಯಕ್ತಿಯ ದೃಷ್ಟಿಯಿಂದಲೂ ಕಾಣಬೇಕೆಂದು ಸ್ಪಷ್ಟಪಡಿಸಿತು.

ಇದೇ ಇಂಗ್ಲಿಷ್ ಪರಂಪರೆಯ ತತ್ತ್ವವನ್ನು ಭಾರತದ ಸುಪ್ರೀಂ ಕೋರ್ಟ್ 2011ರ ಮಾರ್ಚ್‌ನಲ್ಲಿ, ಉತ್ತರ ಕನ್ನಡದ ಹಳದೀಪುರದವರಾಗಿದ್ದ ದಾದಿ ಅರುಣಾ ಶಾನಭಾಗರ ವಿಷಯದಲ್ಲಿ ಬಳಸಿತು. 1973ರ ಹಲ್ಲೆಯ ನಂತರ ಅರಿವಿಲ್ಲದೆ ಮಲಗಿದ್ದ ಅವರ ಹಿತವನ್ನು ಹೇಳಬಲ್ಲವರು ದಶಕಗಳ ಕಾಲ ಶುಶ್ರೂಷೆ ಮಾಡಿದ ಮುಂಬಯಿಯ ಕೆಇಎಂ ಆಸ್ಪತ್ರೆಯ ಸಿಬ್ಬಂದಿಯೇ ಹೊರತು ಅವರಿಗೆ ದಯಾಮರಣ ಕೋರಿದ್ದ ಅರ್ಜಿದಾರರಲ್ಲವೆಂದು ಪೀಠವು ಕಂಡುಕೊಂಡಿತು. ಅವರನ್ನು ಪರೀಕ್ಷಿಸಲು ನೇಮಕವಾದ ಮೂವರೂ ವೈದ್ಯರು. ಬದುಕಿನ ಹಿನ್ನೆಲೆಯನ್ನು ಕಲೆಹಾಕಬಲ್ಲ ಸಮಾಜಕಾರ್ಯಕರ್ತನಿಗೆ ಆ ಸಮಿತಿಯಲ್ಲಿ ಸ್ಥಾನವಿರಲಿಲ್ಲ ಎಂಬುದು ಗಮನಿಸಬೇಕಾದ ಕೊರತೆ.

ಇಂಗ್ಲೆಂಡಿನಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟ್ 2014ರ ಮಾರ್ಚ್ 19ರಂದು ಇತ್ತ ‘ಚೆಷೈರ್ ವೆಸ್ಟ್’ ತೀರ್ಪು ಹಿತಪರಿಶೀಲಕರ ದುಡಿಮೆಯ ಗಾತ್ರವನ್ನೇ ಬದಲಿಸಿತು. ಸತತ ನಿಗಾ ಮತ್ತು ನಿಯಂತ್ರಣದಲ್ಲಿದ್ದು ಬಿಟ್ಟುಹೋಗಲು ಸ್ವಾತಂತ್ರ್ಯವಿಲ್ಲದವರೆಲ್ಲರೂ, ಎಷ್ಟೇ ನೆಮ್ಮದಿಯಿಂದಿದ್ದರೂ, ಸ್ವಾತಂತ್ರ್ಯ ಕಳೆದುಕೊಂಡವರೇ ಎಂದು ನ್ಯಾಯಮೂರ್ತಿ ಲೇಡಿ ಹೇಲ್ ಬರೆದ ಆ ತೀರ್ಪಿನ ಪರಿಣಾಮವಾಗಿ, ಅದುವರೆಗೆ ವರ್ಷಕ್ಕೆ ಸುಮಾರು 13,000ದಷ್ಟಿದ್ದ ಅರ್ಜಿಗಳು ಮುಂದಿನ ವರ್ಷ 1,37,000 ದಾಟಿದವು. ಕಾನೂನು ಗೊತ್ತುಪಡಿಸಿದ 21 ದಿನಗಳಲ್ಲಿ ಮುಗಿಯಬೇಕಾದ ಪರಿಶೀಲನೆಗಳು ತಿಂಗಳುಗಟ್ಟಲೆ ಉಳಿದವು. ಪರಿಶೀಲಕನ ಮುಖ ಕಾಣುವ ಮೊದಲೇ ತೀರಿಕೊಂಡವರೂ ಇದ್ದಾರೆ. ಇದನ್ನು ಸರಿಪಡಿಸಲೆಂದು 2019ರಲ್ಲಿ ಅಂಗೀಕಾರವಾದ ತಿದ್ದುಪಡಿಯು ಹಿತಪರಿಶೀಲಕನ ಹುದ್ದೆಯನ್ನೇ ತೆಗೆದು, ಮುಖ್ಯವಾಗಿ ಆಕ್ಷೇಪಣೆಯಿರುವಂಥ ಪ್ರಕರಣಗಳಿಗೆ ಬೇರೊಬ್ಬ ತಜ್ಞನನ್ನು ಕಲ್ಪಿಸುತ್ತದೆ. ವಿರೋಧಿಸದವನನ್ನು ನೇರವಾಗಿ ಕಂಡು ಮಾತನಾಡಿಸುವ ಸ್ವತಂತ್ರ ವ್ಯಕ್ತಿ ಇಲ್ಲದಂತಾದರೆ ಎಚ್.ಎಲ್.ನಂಥವರ ಪಾಡೇನೆಂಬ ಆತಂಕ ಸಕಾರಣವಾದದ್ದು. ಆ ತಿದ್ದುಪಡಿಯ ಜಾರಿಯನ್ನು ಸರ್ಕಾರ 2023ರ ಏಪ್ರಿಲ್‌ನಲ್ಲಿ ಮುಂದೂಡಿದ್ದರಿಂದ ಹಿತಪರಿಶೀಲಕರ ಭೇಟಿಗಳು ಹಳೆಯ ಕ್ರಮದಲ್ಲೇ ಮುಂದುವರಿದವು.