ಸುಡುವ ಬೆಳಕು, ಉಳಿಸುವ ಬೆಳಕು

ಸಕ್ಕರೆ ಕಾಯಿಲೆಯಿಂದ ಕೆಡುತ್ತಿದ್ದ ನನ್ನ ಕಣ್ಣಿಗೆ ಕಳೆದ ವರ್ಷ ಲೇಸರ್ ಚಿಕಿತ್ಸೆಯಾಯಿತು. ಯಂತ್ರದ ಮುಂದೆ ಗಲ್ಲವೂರಿ ಕುಳಿತಾಗ ವೈದ್ಯರು, “ಅಲುಗಾಡಬೇಡಿ ಮೇಷ್ಟ್ರೇ, ನಡುವಿನ ನೋಟ ಉಳಿಯಬೇಕಾದರೆ ಅಂಚನ್ನು ಸ್ವಲ್ಪ ಸುಡಲೇಬೇಕು” ಎಂದರು. ಎಷ್ಟು ಸುಟ್ಟರೆ ಸಾಕೆಂಬುದನ್ನು ಯಾರು, ಹೇಗೆ ಕಂಡುಕೊಂಡರು? ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನು ಆ ಪ್ರಶ್ನೆ ಬಿಡಲಿಲ್ಲ. ಅದರ ಬೆನ್ನುಹತ್ತಿ ನಾನು ತಿಳಿದುಕೊಂಡ ಕಥೆಯನ್ನು, ಶ್ರೋತೃಗಳೇ, ತಮ್ಮ ಮುಂದಿಡುತ್ತೇನೆ.

ಗ್ರಹಣದ ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣು ಕೆಡುವುದೆಂಬ ತಿಳಿವು ಬಹು ಹಳೆಯದು. ಪ್ಲೇಟೋವಿನ ‘ಫೀಡೋ’ ಸಂವಾದದಲ್ಲಿ ಸಾಕ್ರೆಟೀಸನೂ ಅದನ್ನು ಪ್ರಸ್ತಾಪಿಸುತ್ತಾನೆ. 1945ರ ಜುಲೈ 9ರ ಗ್ರಹಣವನ್ನು ಬರಿಗಣ್ಣಿನಿಂದ ನೋಡಿದ ವೈದ್ಯವಿದ್ಯಾರ್ಥಿಯೊಬ್ಬನನ್ನು ಜರ್ಮನಿಯ ನೇತ್ರವೈದ್ಯ ಗೆರ್ಡ್ ಮೈಯರ್-ಶ್ವಿಕೆರಾತ್ ಪರೀಕ್ಷಿಸಿದರು. ಅಕ್ಷಿಪಟಲದ ನಡುವೆ ಸುಟ್ಟ ಕಲೆಯಿತ್ತು. ಹರಿದ ಅಕ್ಷಿಪಟಲವನ್ನು ಅಂಟಿಸಲು ವೈದ್ಯರು ವಿದ್ಯುತ್ತಿನ ಶಾಖದಿಂದ ಮಾಡುತ್ತಿದ್ದ ಕಲೆಯೂ ಹೀಗೆಯೇ ಇರುತ್ತಿತ್ತಲ್ಲವೇ? ಹಾಗಾದರೆ ಬೆಳಕಿನಿಂದಲೇ ಬೇಕಾದಲ್ಲಿ ಕಲೆ ಮಾಡಬಾರದೇಕೆ? 1949ರಲ್ಲಿ ಅವರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿದರು. ಹ್ಯಾಂಬರ್ಗಿನಲ್ಲಿ ಕನ್ನಡಿಗಳಿಂದ ಬಿಸಿಲನ್ನೇ ಹಿಡಿದು ಕಣ್ಣಿನೊಳಗೆ ಹಾಯಿಸಿದ್ದೂ ಉಂಟು. ಮೋಡ ಕವಿದರೆ ಚಿಕಿತ್ಸೆ ನಿಲ್ಲುತ್ತಿತ್ತು. ಮುಂದೆ ಕ್ಸೆನಾನ್ ದೀಪ ಬಂದಿತು.

1960ರಲ್ಲಿ ಅಮೆರಿಕದ ಥಿಯೊಡೋರ್ ಮೇಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದರು. ಮರುವರ್ಷವೇ ಅದು ನ್ಯೂಯಾರ್ಕಿನಲ್ಲಿ ರೋಗಿಯ ಕಣ್ಣಿಗೆ ಬಳಕೆಯಾಯಿತು. 1968ರಲ್ಲಿ ಕಣ್ಣಿನ ಚಿಕಿತ್ಸೆಗೆ ಆರ್ಗಾನ್ ಲೇಸರ್ ಬಂದಿತು.

ಆಯುಧವೇನೋ ದೊರೆಯಿತು, ಅಳತೆ? ಬೆಳಕು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನೂ ಮಸೂರವನ್ನೂ ದಾಟಿ, ಅಕ್ಷಿಪಟಲದ ಹಿಂದಿನ ಕಪ್ಪು ವರ್ಣದ್ರವ್ಯದ ಪದರದಲ್ಲಿ ಶಾಖವಾಗುತ್ತದೆ. ಆ ಶಾಖ ಸುತ್ತ ಹರಡುತ್ತದೆ. ಹಿಂದೆ ಹರಿಯುವ ರಕ್ತ ಒಂದಿಷ್ಟನ್ನು ಒಯ್ಯುತ್ತದೆ. ಜೀವಂತ ಮನುಷ್ಯನ ಅಕ್ಷಿಪಟಲಕ್ಕೆ ಉಷ್ಣಮಾಪಕ ಇಡಲು ಬರುವುದಿಲ್ಲ, ಲೆಕ್ಕವೇ ಗತಿ. ಶಾಖದ ಹರಿವಿನ ಗಣಿತವನ್ನು ಫೂರಿಯೇ 1822ರಲ್ಲಿಯೇ ಬರೆದಿದ್ದರು. ಸುಡುಗಾಯಕ್ಕೆ ಶಾಖದಷ್ಟೇ ಕಾಲವೂ ಕಾರಣವೆಂದು ಮೊರಿಟ್ಸ್ ಮತ್ತು ಹೆನ್ರಿಕ್ಸ್ 1947ರಲ್ಲಿ ತೋರಿಸಿದರು: ಚರ್ಮ ಸುಡಲು 44 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 6 ಗಂಟೆ ಬೇಕು, 60ರಲ್ಲಿ ಕೆಲವೇ ಸೆಕೆಂಡು ಸಾಕು. 1948ರಲ್ಲಿ ಪೆನ್ನೆಸ್, ಮುಂದೋಳನ್ನು ಅಭ್ಯಸಿಸಿ, ರಕ್ತ ಒಯ್ಯುವ ಶಾಖವನ್ನೂ ಸಮೀಕರಣಕ್ಕೆ ಸೇರಿಸಿದರು.

ಆದರೆ ಕಣ್ಣು ಒಂದೇ ದ್ರವ್ಯದ ಗೋಳವಲ್ಲ. ಕೈಲೆಕ್ಕಕ್ಕೆ ಅದು ದಕ್ಕದು. ಗಣಕಯಂತ್ರವು ಕಣ್ಣನ್ನು ಸಣ್ಣ ಸಣ್ಣ ತುಣುಕುಗಳಾಗಿ ವಿಂಗಡಿಸಿ, ಒಂದರಿಂದ ಇನ್ನೊಂದಕ್ಕೆ ಹೋಗುವ ಶಾಖವನ್ನು ಕ್ಷಣಕ್ಷಣಕ್ಕೂ ಎಣಿಸುತ್ತದೆ. 1970ರಲ್ಲಿ ಮೈನ್‌ಸ್ಟರ್ ಮತ್ತು ಸಂಗಡಿಗರು ಅಕ್ಷಿಪಟಲದ ಶಾಖವನ್ನೂ, 1988ರಲ್ಲಿ ಸ್ಕಾಟ್ ಇಡೀ ಕಣ್ಣಿನ ಶಾಖವನ್ನೂ ಹೀಗೆ ಲೆಕ್ಕಹಾಕಿದರು. ಆದರೂ ಲೆಕ್ಕ ಸರ್ವಜ್ಞನಲ್ಲ. ವರ್ಣದ್ರವ್ಯ ಎಲ್ಲರಲ್ಲಿ ಒಂದೇ ಸಮನಾಗಿರುವುದಿಲ್ಲ. ಬಿಳಿಚುವ ಚುಕ್ಕೆಯನ್ನು ನೋಡಿ ನಿರ್ಧರಿಸುವ ವೈದ್ಯರ ಕಣ್ಣು ಬೇಕೇ ಬೇಕು.

ಅಂಚನ್ನು ಸುಡುವ ಈ ಚಿಕಿತ್ಸೆ ಮಧುಮೇಹಿಗಳ ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತಲೂ ಕಡಿಮೆ ಮಾಡುತ್ತದೆಂದು ಅಮೆರಿಕದ ದೊಡ್ಡ ಪರೀಕ್ಷೆಯೊಂದು 1976ರಲ್ಲಿ ತೋರಿಸಿತು. ವಿದ್ಯಾರ್ಥಿಯ ಕಣ್ಣನ್ನು ಕೆಡಿಸಿದ್ದೂ ನನ್ನ ಕಣ್ಣನ್ನು ಉಳಿಸಿದ್ದೂ ಬೆಳಕೇ. ನಡುವೆ ಇರುವುದು ಮಿತವೊಂದೇ. ಆ ಮಿತವನ್ನು ಅರಿಯಲು ಎಷ್ಟೊಂದು ಜನ ಬೇಕಾಯಿತು!

ಸಂಜೆಗತ್ತಲಲ್ಲಿ ಈಗ ನನಗೆ ಪಕ್ಕದಲ್ಲಿ ಬರುವವರು ಸರಿಯಾಗಿ ಕಾಣುವುದಿಲ್ಲ. ಆದರೆ ಈ ಭಾಷಣದ ಬರಹವನ್ನು ನಾನೇ ಓದುತ್ತಿದ್ದೇನೆ.